ಈಜುವವನೂ ದಡದಲ್ಲಿ ನಿಂತವನೂ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಹೆಸರುಗಳನ್ನು ಕೇಳಿದೊಡನೆ ಹೊರಗಿನವರ ಮನಸ್ಸಿಗೆ ಜೋಳದ ಹೊಲವೂ ಶೇಂಗಾದ ಹೊಲವೂ ಬರಗಾಲವೂ ತೋರುವುವೇ ಹೊರತು, ಈಜು ತೋರಲಾರದು. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯೊಳಗೆ ಈಗ ಒಟ್ಟಿಗೆ ಇರುವ ಈ ಐದು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡೇ ನಾವು ಇಂದು ಈಜಿನ ಪಂದ್ಯಗಳನ್ನೂ, ಆ ಪಂದ್ಯಗಳಲ್ಲಿ ಬೇಕಾಗುವ ಸದ್ಗುಣಗಳನ್ನೂ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಇದು ವಿಚಿತ್ರವೆನಿಸಿದರೆ ಕೊಂಚ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ನೀರು ನಮಗೆ ಅಪರೂಪವಾದರೂ ಅಪರಿಚಿತವಲ್ಲ. ಹಡಗಲಿ, ಹರಪನಹಳ್ಳಿಗಳ ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. 1953ರಲ್ಲಿ ಆಕೆಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಮೇಲೆ ಹಗರಿಬೊಮ್ಮನಹಳ್ಳಿಯ ಕಡೆಯ ಎಷ್ಟೋ ಊರುಗಳ ಬಾಗಿಲಿಗೇ ಹಿನ್ನೀರು ಬಂದು ನಿಂತಿತು. ಅದೇ ತಾಲ್ಲೂಕಿನಲ್ಲಿ ಮಾಲವಿಯ ಜಲಾಶಯವಿದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ಪಟ್ಟಿಗೆ ಸೇರಿದ ಅಂಕಸಮುದ್ರದ ಕೆರೆಯಿದೆ. ಕೂಡ್ಲಿಗಿ, ಕೊಟ್ಟೂರುಗಳ ಕೆರೆಗಳು ಮಳೆಯಾದ ವರ್ಷ ತುಂಬಿ, ಮಳೆ ತಪ್ಪಿದ ವರ್ಷ ಬಿರುಕುಬಿಡುವಂಥವು. ಅಲ್ಲಿಯ ಮಕ್ಕಳಿಗೆ ಹೊಲದ ಬಾವಿಯೇ ಈಜುಕೊಳ.

ಬಾವಿಯಲ್ಲಿ ಈಜು ಕಲಿಸುವ ಹಳೆಯ ಕ್ರಮವನ್ನು ನಮ್ಮ ಕಡೆಯ ಹಿರಿಯರು ಬಲ್ಲರು. ಹುಡುಗನ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟುವರು. ನಡುವಿಗೆ ಹಗ್ಗ ಬಿಗಿದು, ಅದರ ತುದಿಯನ್ನು ಅಣ್ಣನೋ ಕಾಕನೋ ಮೆಟ್ಟಿಲ ಮೇಲೆ ನಿಂತು ಹಿಡಿಯುವನು. ದಿನದಿನಕ್ಕೆ ಹಗ್ಗ ಸಡಿಲವಾಗುವುದು, ಬುರುಡೆ ಬಿಚ್ಚಿಹೋಗುವುದು, ಕಡೆಗೊಂದು ದಿನ ಹುಡುಗ ತಾನಾಗಿಯೇ ಈಜುವನು. ಊರಿನವರು ಹುಡುಗನ ಹೆಸರನ್ನು ಹೇಳುವರು. ಹಗ್ಗ ಹಿಡಿದವನ ಹೆಸರನ್ನು ಯಾರೂ ಕೇಳರು. ಈಜಿನಲ್ಲಿ ಕೀರ್ತಿ ಒಬ್ಬನಿಗೆ ಸಲ್ಲುವುದು, ಆದರೆ ಬಲ ಹಲವರದು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಡುವವನೇ ನಿಜವಾದ ಕ್ರೀಡಾಪಟು. ನಾವು ಇಂದು ಹೇಳಬೇಕೆಂದಿರುವುದು ಇಷ್ಟೇ.

ಆಟಗಳಲ್ಲೆಲ್ಲ ಈಜಿನಷ್ಟು ಏಕಾಂತವಾದುದು ಮತ್ತೊಂದಿಲ್ಲವೆನ್ನಬಹುದು. ಕಬಡ್ಡಿಯಲ್ಲಿ ಜೊತೆಯವನ ಕೈ ಹಿಡಿಯಬಹುದು. ವಾಲಿಬಾಲಿನಲ್ಲಿ ಕೂಗಿ ಕರೆಯಬಹುದು. ನೀರಿನೊಳಗೆ ಮುಖವಿಟ್ಟವನಿಗೆ ಪಕ್ಕದವನು ಸರಿಯಾಗಿ ಕಾಣನು, ಜನರ ಚಪ್ಪಾಳೆ ಕೇಳದು. ತೀರ್ಪು ಕೊಡುವುದು ಗೋಡೆಗೆ ಹಾಕಿದ ಹಲಗೆಯೊಂದು. ಕೈ ಅದನ್ನು ಒತ್ತಿದಾಗ ಗಡಿಯಾರ ನಿಲ್ಲುವುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 100 ಮೀಟರಿನ ಚಿಟ್ಟೆ ಈಜನ್ನು ಅಮೆರಿಕದ ಮೈಕೆಲ್ ಫೆಲ್ಪ್ಸ್ ಗೆದ್ದುದು ಸೆಕೆಂಡಿನ ನೂರರಲ್ಲೊಂದು ಭಾಗದ ಅಂತರದಿಂದ. ಸೋತವನು ಸರ್ಬಿಯಾದ ಮಿಲೊರಾಡ್ ಚಾವಿಚ್. ಆತನ ದೇಶದವರು ಆಕ್ಷೇಪಣೆ ಸಲ್ಲಿಸಿದರು. ಚಿತ್ರಗಳನ್ನು ಪರೀಕ್ಷಿಸಿದ ಮೇಲೆ ಅದು ತಿರಸ್ಕೃತವಾಯಿತು. ಚಾವಿಚ್ ಬೆಳ್ಳಿಯ ಪದಕವನ್ನು ಸಂತೋಷದಿಂದಲೇ ಸ್ವೀಕರಿಸಿದನು. ಕಣ್ಣೆವೆ ಇಕ್ಕುವುದಕ್ಕಿಂತಲೂ ಕಡಮೆ ಹೊತ್ತಿನಲ್ಲಿ ಕೈತಪ್ಪಿದ ಚಿನ್ನವನ್ನು ಕುರಿತು ಬಾಳೆಲ್ಲ ಗೊಣಗದೆ ಇರುವುದು ಸಾಮಾನ್ಯವಾದ ಸಾಧನೆಯಲ್ಲ.

ಆ ಒಂದೇ ಕೂಟದಲ್ಲಿ ಫೆಲ್ಪ್ಸ್ ಗಳಿಸಿದ ಚಿನ್ನದ ಪದಕಗಳು 8. ಲೋಕವೆಲ್ಲ ಅವನೊಬ್ಬನ ಹೆಸರನ್ನೇ ಹಾಡಿತು. ಆದರೆ ಆ ಎಂಟರಲ್ಲಿ ಮೂರು ರಿಲೆಯವು, ಎಂದರೆ ನಾಲ್ವರು ಒಬ್ಬರಾದ ಮೇಲೊಬ್ಬರು ಈಜುವ ಸರದಿ ಈಜಿನವು. ನಾಲ್ಕು ನೂರು ಮೀಟರುಗಳ ಸರದಿಯಲ್ಲಿ ಕಡೆಯವನಾಗಿ ಧುಮುಕಿದ ಜೇಸನ್ ಲೆಜಾಕ್ ಎಂಬುವನು ಫ್ರಾನ್ಸಿನ ಅಲೆನ್ ಬರ್ನಾರ್ಡನಿಗಿಂತ ಹಿಂದಿದ್ದನು; ಕಡೆಯ ತಿರುವಿನಲ್ಲಿಯೂ ಹಿಂದೆಯೇ ಇದ್ದನು. ಅಲ್ಲಿಂದ ಬೆನ್ನಟ್ಟಿ, ಸೆಕೆಂಡಿನ ನೂರರಲ್ಲಿ 8 ಭಾಗ ಮುಂದಾಗಿ ಗೋಡೆ ಮುಟ್ಟಿದನು. ಅವನು ಸೋತಿದ್ದರೆ ಫೆಲ್ಪ್ಸನ ಎಂಟು ಏಳಾಗುತ್ತಿತ್ತು. ಇಂದು ಎಂಟು ಪದಕಗಳ ಕಥೆಯನ್ನು ಬಲ್ಲವರಲ್ಲಿ ಲೆಜಾಕನ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಸರದಿ ಈಜಿನ ನಿಯಮವೊಂದನ್ನು ಇಲ್ಲಿ ಹೇಳಬೇಕು. ಹಿಂದಿನವನ ಕೈ ಗೋಡೆಯನ್ನು ಮುಟ್ಟುವ ಮೊದಲೇ ಮುಂದಿನವನ ಕಾಲು ಹಲಗೆಯನ್ನು ಬಿಟ್ಟರೆ, ತಪ್ಪಿದವನೊಬ್ಬನಲ್ಲ, ತಂಡವೇ ಪಂದ್ಯದಿಂದ ಹೊರಗೆ. ಅತಿಯಾಗಿ ಕಾದರೆ ಕಾಲ ನಷ್ಟ; ಆತುರಪಟ್ಟರೆ ಎಲ್ಲವೂ ನಷ್ಟ. ಆದಕಾರಣ ಹಲಗೆಯ ಮೇಲೆ ನಿಂತವನು ತನ್ನ ಚಾತುರ್ಯವನ್ನು ಮರೆತು, ಬರುತ್ತಿರುವವನ ತೋಳಿನ ಒಂದೊಂದು ಬೀಸನ್ನೂ ನೋಡಬೇಕು. ಸಂಘಭಾವವೆಂದರೆ ಇದೇ: ನಮ್ಮ ಸರದಿ ಬರುವವರೆಗೆ ಮತ್ತೊಬ್ಬನ ಮೇಲೆ ಕಣ್ಣಿಟ್ಟಿರುವುದು.

ಇದಕ್ಕಿಂತಲೂ ಉನ್ನತವಾದ ದೃಷ್ಟಾಂತವೊಂದು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ದೊರೆಯುವುದು. ಅಲ್ಲಿ ಫೆಲ್ಪ್ಸ್ ತನ್ನ ದೇಶದವನೇ ಆದ ಇಯಾನ್ ಕ್ರಾಕರನನ್ನು ಚಿಟ್ಟೆ ಈಜಿನಲ್ಲಿ ಸೆಕೆಂಡಿನ ನೂರರಲ್ಲಿ 4 ಭಾಗದಿಂದ ಸೋಲಿಸಿದನು. ಗೆದ್ದವನಿಗೆ ನಾಲ್ಕು ಬಗೆಯ ಈಜುಗಳ ಸರದಿಯ ಅಂತಿಮ ಪಂದ್ಯದಲ್ಲಿ ಸ್ಥಾನವೆಂಬುದು ಅವರ ರೂಢಿ. ಕ್ರಾಕರನಾದರೋ ಕೂಟದ ಆರಂಭದಲ್ಲಿ ಅಸ್ವಸ್ಥನಾಗಿದ್ದು, ಮತ್ತೊಂದು ಸರದಿಯಲ್ಲಿ ಹಿಂದೆ ಬಿದ್ದು ಮನನೊಂದಿದ್ದನು. ಫೆಲ್ಪ್ಸ್ ತನ್ನ ಸ್ಥಾನವನ್ನು ಅವನಿಗೆ ಬಿಟ್ಟುಕೊಟ್ಟು, ತಾನು ಪ್ರೇಕ್ಷಕರ ನಡುವೆ ಕುಳಿತನು. ತಂಡವು ವಿಶ್ವದಾಖಲೆಯೊಡನೆ ಚಿನ್ನ ಗೆದ್ದಿತು. ಪ್ರಾಥಮಿಕ ಸುತ್ತಿನಲ್ಲಿ ಈಜಿದ್ದುದರಿಂದ ಫೆಲ್ಪ್ಸನಿಗೂ ಪದಕ ಬಂದಿತೆಂಬುದು ನಿಜ. ಆದರೆ ಅಂತಿಮ ಪಂದ್ಯದ ಕೀರ್ತಿಯನ್ನು ಅವನು ಕೈಯೆತ್ತಿ ಕೊಟ್ಟನೆಂಬುದೂ ಅಷ್ಟೇ ನಿಜ.

ಅದೇ ವರ್ಷದ ಇನ್ನೊಂದು ಪ್ರಸಂಗ ಇಷ್ಟು ಸರಳವಲ್ಲ. ಆಸ್ಟ್ರೇಲಿಯಾದ ಇಯಾನ್ ಥಾರ್ಪ್ 400 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಅಂದಿನ ಒಲಿಂಪಿಕ್ ವಿಜೇತ, ವಿಶ್ವದಾಖಲೆಯೂ ಅವನದೇ. ಆಯ್ಕೆಯ ಪಂದ್ಯದಲ್ಲಿ ಆರಂಭದ ಸೂಚನೆಗೆ ಮುನ್ನ ತೂಕ ತಪ್ಪಿ ನೀರಿಗೆ ಬಿದ್ದನು. ನಿಯಮದಂತೆ ಅವನನ್ನು ಹೊರಗಿಟ್ಟರು. ಹೆಸರು ದೊಡ್ಡದೆಂದು ನಿಯಮ ಬಾಗಲಿಲ್ಲ; ಇದು ಮೆಚ್ಚತಕ್ಕದ್ದು. ಆದರೆ ಆ ಸ್ಥಾನವನ್ನು ನ್ಯಾಯವಾಗಿ ಗಳಿಸಿದ ಕ್ರೇಗ್ ಸ್ಟೀವನ್ಸನ ಮೇಲೆ ದೇಶದ ಕಣ್ಣೆಲ್ಲ ಬಿದ್ದಿತು. ಕಡೆಗೆ ಅವನು ಸ್ಥಾನವನ್ನು ಬಿಟ್ಟುಕೊಟ್ಟನು. ಥಾರ್ಪ್ ಅಥೆನ್ಸಿನಲ್ಲಿ ಚಿನ್ನ ಗೆದ್ದನು. ದೇಶಕ್ಕೆ ಲಾಭವಾಯಿತು. ಆದರೂ ನಮ್ಮ ಮನಸ್ಸು ಸ್ವಲ್ಪ ಅಳುಕುವುದು. ತಾನಾಗಿ ಕೊಟ್ಟರೆ ತ್ಯಾಗ. ಹತ್ತು ಮಂದಿ ನೋಡುತ್ತಿರುವರೆಂಬ ಭಯದಿಂದ ಕೊಟ್ಟರೆ ಅದು ಸುಂಕ. ಫೆಲ್ಪ್ಸನಲ್ಲಿ ದೊಡ್ಡವನು ಚಿಕ್ಕವನಿಗೆ ಕೊಟ್ಟನು. ಇಲ್ಲಿ ಚಿಕ್ಕವನು ದೊಡ್ಡವನಿಗೆ ಕೊಡಬೇಕಾಯಿತು. ಸಂಘಭಾವದ ಹೆಸರಿನಲ್ಲಿ ಯಾವಾಗಲೂ ಬಡಪಾಯಿಯೇ ಬಿಟ್ಟುಕೊಡಬೇಕೆಂದರೆ, ಅದು ಸಂಘವೂ ಅಲ್ಲ, ಭಾವವೂ ಅಲ್ಲ.

ನಮ್ಮ ನಾಡಿನಲ್ಲಿಯೂ ಈಜಿನಿಂದ ಹೆಸರಾದವರು ಇಲ್ಲದಿಲ್ಲ. ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದರು; ಬಾಲ್ಯದಲ್ಲಿ ನೀರಿನಲ್ಲಿ ಮುಳುಗಿ ಬದುಕಿದ ಮಗು ಅವರು. ಹುಟ್ಟಿನಿಂದಲೇ ಎಡಗೈ ಬೆಳೆಯದಿದ್ದ ಶರತ್ ಗಾಯಕ್ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟವೊಂದರಲ್ಲೇ 6 ಪದಕಗಳನ್ನು ತಂದರು. ಶ್ರೀಹರಿ ನಟರಾಜ್ 2021ರಲ್ಲಿ ರೋಮ್ ನಗರದಲ್ಲಿ 100 ಮೀಟರ್ ಅಂಗಾತ ಈಜನ್ನು 53.77 ಸೆಕೆಂಡುಗಳಲ್ಲಿ ಮುಗಿಸಿ ಟೋಕಿಯೋ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದರು. 14 ವಯಸ್ಸಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ತಂಡದ ಅತಿ ಕಿರಿಯರು; 2025ರಲ್ಲಿ ಉತ್ತರಾಖಂಡದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 9 ಚಿನ್ನ ಸೇರಿ 11 ಪದಕಗಳನ್ನು ಗಳಿಸಿದರು. ಅವುಗಳಲ್ಲಿ ಸರದಿ ಈಜಿನವೂ ಇವೆ. ಪತ್ರಿಕೆಯ ತಲೆಬರಹದಲ್ಲಿ ಒಂದು ಹೆಸರಿಗೆ ಮಾತ್ರ ಎಡೆಯುಂಟು. ಉಳಿದ ಮೂವರನ್ನು ಹುಡುಕಿ ಓದುವುದು ಓದುಗರಾದ ನಮ್ಮ ಕರ್ತವ್ಯ.

ಈ ತತ್ತ್ವವನ್ನು ಕಲಿಯಲು ನಮ್ಮ ಐದು ತಾಲ್ಲೂಕುಗಳವರು ದೂರ ಹೋಗಬೇಕಾದುದಿಲ್ಲ. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ರಂಗವನ್ನು ನಡುಗಿಸುವ ರಾಜನನ್ನು ಜನ ನೋಡುವರು. ಮದ್ದಳೆ ಒಂದು ಗಳಿಗೆ ತಪ್ಪಲಿ, ರಾಜನ ಹೆಜ್ಜೆ ಅಲ್ಲಿಯೇ ನಿಲ್ಲುವುದು. ಕೊಟ್ಟೂರೇಶ್ವರನ ತೇರು ಹೊರಟಾಗ ಎಲ್ಲರ ದೃಷ್ಟಿ ಕಳಸದ ಮೇಲೆ. ಹಗ್ಗ ಹಿಡಿದ ಸಾವಿರ ಕೈಗಳಿಗೂ ಗಾಲಿಗೆ ಸನ್ನೆ ಕೊಡುವವರಿಗೂ ಹೆಸರಿಲ್ಲ. ಹೆಸರಿಲ್ಲವೆಂದು ಅವರು ಹಗ್ಗ ಬಿಟ್ಟದ್ದುಂಟೆ?

ಇಷ್ಟನ್ನೂ ನಾವು ಬರಿಯ ಉಪದೇಶಕ್ಕಾಗಿ ಹೇಳುತ್ತಿಲ್ಲ. ಇದರಲ್ಲಿ ಪ್ರಾಣದ ಮಾತಿದೆ. ಬೇಸಗೆಯ ರಜೆಯಲ್ಲಿ ಬಾವಿಗೂ ಕೆರೆಗೂ ಕಾಲುವೆಗೂ ಇಳಿದ ಮಕ್ಕಳು ಮರಳದ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ. ಹಿಂದೆ ಗೆಳೆಯರ ಶಹಬ್ಬಾಸ್‌ಗಿರಿಗಾಗಿ ಎತ್ತರದಿಂದ ಧುಮುಕುತ್ತಿದ್ದರು. ಈಗ ಮೊಬೈಲಿನ ಚಿತ್ರಕ್ಕಾಗಿ ಧುಮುಕುತ್ತಾರೆ. ಒಂದು ದಿನದ ಆ ಕೀರ್ತಿಗೆ ಒಂದು ಮನೆಯ ದೀಪ ನಂದುವುದು. ದಡದಲ್ಲಿ ನಿಂತವನು ಹಗ್ಗದ ಬದಲು ಮೊಬೈಲನ್ನು ಹಿಡಿದಿದ್ದರೆ, ಮುಳುಗುವವನನ್ನು ಎತ್ತುವವರು ಯಾರು?

ಆದುದರಿಂದ ನಮ್ಮ ಶಾಲೆಗಳ ಉಪಾಧ್ಯಾಯರಲ್ಲಿಯೂ ಊರಿನ ಹಿರಿಯರಲ್ಲಿಯೂ ಮೂರು ವಿನಂತಿಗಳನ್ನು ಮಾಡುತ್ತೇವೆ. ಮೊದಲನೆಯದು, ಈಜನ್ನು ನಿಷೇಧಿಸುವ ಬದಲು ಬಲ್ಲವರ ಕೈಯಿಂದ ಕಲಿಸಿರಿ, ಹುಡುಗಿಯರಿಗೂ ಕಲಿಸಿರಿ. ಎರಡನೆಯದು, ಒಬ್ಬನು ನೀರಿನಲ್ಲಿರುವಾಗ ಈಜು ಬಲ್ಲ ಮತ್ತೊಬ್ಬನು ಹಗ್ಗದೊಡನೆ ದಡದಲ್ಲಿರಬೇಕೆಂಬುದನ್ನು ಮೀರದ ನಿಯಮವಾಗಿ ಮಾಡಿರಿ. ಮೂರನೆಯದು, ಕ್ರೀಡಾಕೂಟಗಳಲ್ಲಿ ಸರದಿ ಈಜಿನ ನಾಲ್ವರ ಹೆಸರುಗಳನ್ನೂ, ಅವರಿಗೆ ಕಲಿಸಿದವರ ಹೆಸರನ್ನೂ ವೇದಿಕೆಯ ಮೇಲೆ ಓದಿ ಹೇಳಿರಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಉದಾರವಾದ ನಾಲಗೆಯೊಂದಿದ್ದರೆ ಸಾಕು.

ಕೀರ್ತಿಯನ್ನು ನಾವು ಹಳಿಯುವವರಲ್ಲ. ಗೆದ್ದವನ ಹೆಸರು ಮಕ್ಕಳನ್ನು ನೀರಿಗೆ ಕರೆಯುವುದು, ಅದು ಬೇಕು. ಆದರೆ ಅವರನ್ನು ನೀರಿನಿಂದ ಮರಳಿ ಮನೆಗೆ ಕಳುಹಿಸುವವನು ದಡದಲ್ಲಿ ನಿಂತ ಹೆಸರಿಲ್ಲದವನು. ಇಬ್ಬರಿಗೂ ಸಮನಾದ ಮನ್ನಣೆ ಸಲ್ಲುವ ಊರಿನಲ್ಲಿ ಒಳ್ಳೆಯ ಈಜುಗಾರರು ಹುಟ್ಟುವರೆಂಬುದೂ, ಹುಟ್ಟಿದವರು ಉಳಿಯುವರೆಂಬುದೂ ನಮ್ಮ ದೃಢವಾದ ನಂಬಿಕೆ.