ಬಿಸಿಲಿಗೂ ಅಭ್ಯಾಸ ಬೇಕು

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ, ಮೂರೂ ಬೆನ್ನುಬೆನ್ನಿಗೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನವರು ಸೆಕೆಗೆ ಅಂಜಿ ಪುರುಷರ ಸ್ಪರ್ಧೆಯನ್ನು ಬೆಳಗ್ಗೆ ಆರೂವರೆಗೇ ಇಟ್ಟಿದ್ದರು. ಗೆದ್ದವರು ಚಳಿನಾಡು ನಾರ್ವೆಯ ಕ್ರಿಸ್ಟಿಯನ್ ಬ್ಲುಮ್ಮೆನ್‌ಫೆಲ್ಟ್!

ಮೈಯನ್ನು ಸೆಕೆಗೆ ಪಳಗಿಸಬಹುದು. 10ರಿಂದ 14 ದಿನ ಬಿಸಿಲಲ್ಲಿ ಹದವಾಗಿ ಅಭ್ಯಾಸ ಮಾಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಒಡೆಯುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊದಲ ದಿನವೇ ಪೌರುಷ ತೋರಿಸಲು ಹೋಗುವವರಿಗೆ ಇದು ದಕ್ಕುವುದಿಲ್ಲ.

ನಿಜವಾದ ಪರೀಕ್ಷೆ ಸೈಕಲ್ ಇಳಿದಾಗ. ಅಲ್ಲಿಯವರೆಗೆ ಎದುರುಗಾಳಿ ಬೆವರನ್ನು ಆರಿಸುತ್ತಿರುತ್ತದೆ. ಓಡತೊಡಗಿದೊಡನೆ ಗಾಳಿ ಮಾಯ. ಬೆವರು ಕಣ್ಣಿಗಿಳಿದು ಉರಿ, ಬನಿಯನ್ ಬೆನ್ನಿಗಂಟುತ್ತದೆ. ರಕ್ತ ಕಾಲಿಗೂ ಬೇಕು, ಮೈ ತಣಿಸಲು ಚರ್ಮಕ್ಕೂ ಬೇಕು. ಹಾಗಾಗಿ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಆಗ ಕೈಗಡಿಯಾರದ ಮುಖ ನೋಡದೆ ವೇಗ ತಗ್ಗಿಸುವವನೇ ಜಾಣ.

ಬರೀ ನೀರನ್ನೇ ಮಿತಿಮೀರಿ ಕುಡಿಯುವುದೂ ತಪ್ಪು. ರಕ್ತದಲ್ಲಿ ಸೋಡಿಯಂ ಇಳಿದರೆ ಪ್ರಾಣಕ್ಕೇ ಕುತ್ತು. ಅಭ್ಯಾಸದ ದಿನ ಉಪ್ಪು ಹಾಕಿದ ಪಾನೀಯವನ್ನೂ ರೂಢಿಸಿಕೊಳ್ಳಬೇಕು.

ಸೆಕೆ ತಾಳದೆ ಜೊತೆಗಾರ ತೂರಾಡಿದರೆ, ಮಾತು ತೊದಲಿದರೆ, ದಯವಿಟ್ಟು "ಇನ್ನು ಸ್ವಲ್ಪವೇ ದೂರ" ಎಂದು ಹುರಿದುಂಬಿಸಬೇಡಿ. ನೆರಳಿಗೆ ಕರೆತಂದು ಮೈತುಂಬ ತಣ್ಣೀರು ಸುರಿಯಿರಿ, 108ಕ್ಕೆ ಕರೆ ಮಾಡಿ.