ಓಲೆಯನ್ನು ಓದಿದ ಶಾಸ್ತ್ರಿಗಳು

ಚಾಣಕ್ಯನ ಹೆಸರನ್ನು ಕೇಳದವರು ನಮ್ಮಲ್ಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ವಿದ್ವಾಂಸರು ಅವನ ಹೆಸರಿನ ‘ಅರ್ಥಶಾಸ್ತ್ರ’ವನ್ನು ಅರಿತಿದ್ದುದು ಇತರರ ಉದ್ಧರಣೆಗಳಿಂದ ಮಾತ್ರವೆಂದರೆ ನೀವು ಆಶ್ಚರ್ಯಪಡಬಹುದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಅದರ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂದೊಪ್ಪಿಸಿದರು. ಅಲ್ಲಿ ಗ್ರಂಥಪಾಲರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು (೧೮೬೮–೧೯೪೪) ಅದನ್ನು ಪಟ್ಟಿಯಲ್ಲಿ ನಮೂದಿಸಿ ಕಪಾಟಿನಲ್ಲಿಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಗ್ರಂಥಲಿಪಿಯ ಓಲೆಗಳನ್ನು ಓದಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಹೊರತಂದರು. ಸುಂಕವೆಷ್ಟು, ತೂಕದ ಕಲ್ಲು ಹೇಗಿರಬೇಕು, ಗೂಢಚಾರ ಯಾವ ವೇಷ ಧರಿಸಬೇಕು—ಎಲ್ಲವೂ ಅದರಲ್ಲಿದೆ! ಭಾರತೀಯರಿಗೆ ವೇದಾಂತವಲ್ಲದೆ ರಾಜ್ಯಭಾರದ ಶಾಸ್ತ್ರ ತಿಳಿಯದೆಂಬ ಮಾತು ಆಮೇಲೆ ನಿಲ್ಲಲಿಲ್ಲ.

ಮುಂದೆ ಶಾಸ್ತ್ರಿಗಳು ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾದರು. ಓಲೆ ತಂದ ಪಂಡಿತರ ಹೆಸರು ಮಾತ್ರ ನಮಗೆ ಉಳಿದು ಬಂದಿಲ್ಲ.