ವಜ್ರದ ರೋಹಿತ, ದಕ್ಕದ ಪದವಿ

ಭಾರತದ ಭೌತವಿಜ್ಞಾನದ ಚರಿತ್ರೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯಪರಂಪರೆಗೆ ದೊಡ್ಡ ಸ್ಥಾನವಿದೆ. ಆ ಪರಂಪರೆಯಲ್ಲಿ ಲಲಿತಾ ದೊರೈಸ್ವಾಮಿ, ಸುನಂದಾ ಬಾಯಿ, ಅನ್ನಾ ಮಣಿ ಎಂಬ ಮೂವರು ಮಹಿಳೆಯರೂ ಇದ್ದರು. ಅವರ ಹೆಸರು ಬಂದರೂ ಅಡಿಟಿಪ್ಪಣಿಯಲ್ಲಿ ಬರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲು ಮಹಿಳೆಯರಿಗೆ ಸುಲಭವಾಗಿ ತೆರೆದದ್ದಲ್ಲ. 1933ರಲ್ಲಿ ಜೀವರಸಾಯನ ವಿಜ್ಞಾನ ಓದಲು ಬಂದ ಕಮಲಾ ಭಾಗವತ್ ಅವರಿಗೆ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡದಿದ್ದಾಗ ಒಂದು ವರ್ಷದ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ರಾಮನ್ ಪ್ರಯೋಗಾಲಯದ ಮೂವರಲ್ಲಿ ಲಲಿತಾ ಅವರು 1936ರಲ್ಲಿ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಅವರನ್ನು ಮದುವೆಯಾಗಿ ವಿದೇಶಕ್ಕೆ ಹೋದರು. ಸಂಶೋಧನೆ ಅಲ್ಲಿಗೇ ನಿಂತಿತು. ಸುನಂದಾ ಬಾಯಿ ಬೆಳಕಿನ ಚದರಿಕೆಯ ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. ಆದರೂ ಡಾಕ್ಟರೇಟ್ ದೊರೆಯಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಅನ್ನಾ ಮಣಿ 1940ರಲ್ಲಿ ಬಂದರು. ಅವರ ಪಾಲಿಗೆ ಬಂದದ್ದು ವಜ್ರ ಮತ್ತು ಮಾಣಿಕ್ಯಗಳ ರೋಹಿತದ ಅಧ್ಯಯನ. ಹರಳನ್ನು ದ್ರವಗಾಳಿಯ ಶೀತದಲ್ಲಿ ಹಿಡಿದಿಡಬೇಕಿತ್ತು. ಕೆಲವು ವಜ್ರಗಳ ಹೊಳಪು ಎಷ್ಟು ಕ್ಷೀಣವೆಂದರೆ, ಅದು ಛಾಯಾಫಲಕದ ಮೇಲೆ ಮೂಡಲು 15ರಿಂದ 20 ಗಂಟೆ ಬೇಕಾಗುತ್ತಿತ್ತು. ರಾತ್ರಿಗಳು ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದವು. ಗಂಡಸರೂ ಹೆಂಗಸರೂ ಬೆರೆತು ಮಾತಾಡುವುದನ್ನು ರಾಮನ್ ಒಪ್ಪುತ್ತಿರಲಿಲ್ಲ. ಓರಗೆಯವರ ಜತೆ ಚರ್ಚಿಸುತ್ತ ವಿಜ್ಞಾನ ಕಲಿಯುವ ಅವಕಾಶವೇ ಹೀಗೆ ಮೊಟಕಾಯಿತು. ಇದು ಸಣ್ಣ ನಷ್ಟವಲ್ಲ. ಅಂಥ ವಾತಾವರಣದಲ್ಲೂ 1942ರಿಂದ 1945ರ ನಡುವೆ ಅವರು ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದಾಗ, ಎಂ.ಎಸ್ಸಿ. ಆಗಿಲ್ಲವೆಂದು ಡಾಕ್ಟರೇಟ್ ನಿರಾಕರಿಸಲಾಯಿತು. ಪ್ರಬಂಧದ ಗುಣ ತೂಗುವ ಮೊದಲೇ ನಿಯಮ ಅಡ್ಡ ಬಂದದ್ದು ಅನ್ಯಾಯವೇ.

ಅದೇ ವರ್ಷ ಅವರು ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿದರು. ಸಿಕ್ಕ ಅವಕಾಶ ಹವಾಮಾನ ಉಪಕರಣಗಳದ್ದಾಗಿತ್ತು. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ದೇಶದೊಳಗೇ ತಯಾರಿಸುವ ಏರ್ಪಾಡು ಮಾಡಿದರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಓಝೋನ್ ಅಳೆಯುವ ಸಾಧನವನ್ನೂ ರೂಪಿಸಿದರು.

ಚರಿತ್ರಕಾರರ ಕಣ್ಣಿಗೆ ಅವರು ಬೀಳದಿರಲು ಈ ದುಡಿಮೆಯ ಸ್ವರೂಪವೂ ಕಾರಣ. ಹೊಸ ಪರಿಣಾಮ ಕಂಡುಹಿಡಿದವರ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ಉಪಕರಣವನ್ನು ಅಣಿಗೊಳಿಸಿ ಅಳತೆ ನಂಬುವಂತೆ ಮಾಡಿದವರ ಹೆಸರು ಎಲ್ಲಿಯೂ ಕೆತ್ತಿರುವುದಿಲ್ಲ. ಆದ್ದರಿಂದ ಪದವಿಪಟ್ಟಿಗಳ ಜತೆಗೆ ಪ್ರವೇಶ ದಾಖಲೆ, ಪ್ರಯೋಗಾಲಯದ ಟಿಪ್ಪಣಿ, ಉಪಕರಣದ ನಕ್ಷೆ, ಮಾಪನದ ಕೋಷ್ಟಕಗಳನ್ನೂ ಚರಿತ್ರೆ ಬರೆಯುವವರು ಆಕರವೆಂದು ಎಣಿಸಬೇಕಾಗುತ್ತದೆ. ಮಣಿ 1976ರಲ್ಲಿ ಇಲಾಖೆಯ ಉಪಮಹಾನಿರ್ದೇಶಕರಾಗಿ ನಿವೃತ್ತರಾದರು. ಭಾರತದ ಸೌರವಿಕಿರಣ ಕುರಿತ ಅವರ ಎರಡು ದತ್ತಾಂಶ ಗ್ರಂಥಗಳು 1980 ಮತ್ತು 1981ರಲ್ಲಿ ಹೊರಬಂದವು. ಸೌರಶಕ್ತಿಯ ಎಂಜಿನಿಯರುಗಳಿಗೆ ಅವು ಆಕರಗ್ರಂಥಗಳಾದವು.